ಬಾಟಲಿ ಹಚ್ಚುವ ಮೊದಲು ಬಸ್ಸಿನ ವೇಳೆ

ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಹಗಲು ಚಿಕಿತ್ಸಾ ಘಟಕದಲ್ಲಿ, ಅಂದರೆ ಒಳರೋಗಿಯಾಗಿ ದಾಖಲಾಗದೆ ಬೆಳಿಗ್ಗೆ ಬಂದು ರಕ್ತನಾಳದ ಮೂಲಕ ಔಷಧ ಪಡೆದು ಸಂಜೆಯೊಳಗೆ ಊರಿಗೆ ಮರಳುವವರ ವಿಭಾಗದಲ್ಲಿ, ನಾನು ಶುಶ್ರೂಷಕಿಯಾಗಿದ್ದೇನೆ. ಜೇವರ್ಗಿ, ಅಫಜಲಪುರ, ಚಿಂಚೋಳಿ ಕಡೆಯಿಂದ ಬರುವವರೇ ಇಲ್ಲಿ ಹೆಚ್ಚು. ಅವರು ಕುರ್ಚಿಯಲ್ಲಿ ಕೂರುವ ಮೊದಲೇ ನಾನು ಕೇಳುವ ಪ್ರಶ್ನೆ, “ನಿಮ್ಮ ಬಸ್ಸು ಎಷ್ಟಕ್ಕದರಿ?” ಎಂಬುದು. ಈ ರೂಢಿ ಒಂದು ತಪ್ಪಿನಿಂದ ಹುಟ್ಟಿತು.

ರಕ್ತಹೀನತೆಯಿಂದ ಬಳಲುತ್ತಿದ್ದ ಹೆಣ್ಣುಮಗಳೊಬ್ಬರಿಗೆ ಆ ದಿನ ಐರನ್ ಸುಕ್ರೋಸ್ ಎಂಬ ಕಬ್ಬಿಣಾಂಶದ ಔಷಧ ಹಚ್ಚಿದ್ದೆ. 200 ಮಿ.ಗ್ರಾಂ. ಔಷಧವನ್ನು 100 ಮಿ.ಲೀ. ಸಲೈನಿನಲ್ಲಿ ಬೆರೆಸಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕೊಡುವುದು ನಮ್ಮ ಕ್ರಮ. ನಮ್ಮ ಡ್ರಿಪ್ ಸೆಟ್ಟಿನ 20 ಹನಿಗೆ ಒಂದು ಮಿ.ಲೀ. ಆಗುವುದರಿಂದ ಇದು ನಿಮಿಷಕ್ಕೆ ಸುಮಾರು 67 ಹನಿ. ಇನ್ನೊಬ್ಬರ ರಕ್ತದೊತ್ತಡ ನೋಡಲು ನಾನು ಆಚೆ ಹೋದಾಗ, ಜೊತೆಗೆ ಬಂದಿದ್ದ ಮೈದುನ ಹನಿಯ ವೇಗ ಹೊಂದಿಸುವ ಚಿಕ್ಕ ಗಾಲಿಯನ್ನು ಪೂರ್ತಿ ಸಡಿಲಿಸಿಬಿಟ್ಟಿದ್ದರು. ನಾನು ಮರಳುವಷ್ಟರಲ್ಲಿ ರೋಗಿಯ ಮುಖ ಕೆಂಪೇರಿ, ಎದೆ ಬಿಗಿಹಿಡಿದಂತಾಗಿ, ರಕ್ತದೊತ್ತಡ ಇಳಿದಿತ್ತು. ಮೊದಲು ಹನಿ ನಿಲ್ಲಿಸಿ, ಅವರನ್ನು ಮಲಗಿಸಿ, ವೈದ್ಯರನ್ನು ಕರೆದೆ. ತಾಸಿನೊಳಗೆ ಅವರು ಚೇತರಿಸಿಕೊಂಡರು. “ಬಸ್ ಹೋಗ್ತದಂತ ಜರಾ ಜೋರ್ ಬಿಟ್ಟೆರಿ ಸಿಸ್ಟರ್” ಎಂದ ಮೈದುನನನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಎಷ್ಟು ಹೊತ್ತು ಬೇಕಾಗುತ್ತದೆ, ಏಕೆ ಬೇಕಾಗುತ್ತದೆ ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಈಗ ಪ್ರತಿ ಬಾಟಲಿಗೂ ಒಂದು ಪಟ್ಟಿ ಅಂಟಿಸಿ ಆರಂಭದ ವೇಳೆ, ಮುಗಿಯುವ ವೇಳೆ, ಅದರ ಮೇಲೆ ಅರ್ಧ ಗಂಟೆ ಸೇರಿಸಿ ಹೊರಡುವ ವೇಳೆಯನ್ನು ದೊಡ್ಡ ಅಂಕಿಗಳಲ್ಲಿ ಬರೆಯುತ್ತೇನೆ. ಆ ಕೊನೆಯ ಅರ್ಧ ಗಂಟೆ ಸುಮ್ಮನೆ ಕೂರಿಸುವುದಲ್ಲ. ಕಬ್ಬಿಣಾಂಶದ ಔಷಧಕ್ಕೆ ಮೈ ತಿರುಗಿಬೀಳುವುದಾದರೆ ಅದು ಬಹುತೇಕ ಆ ಅವಧಿಯೊಳಗೆ ಗೊತ್ತಾಗುತ್ತದೆ. ದೂರದ ಊರಿನವರಿಗೆ ಮೊದಲ ಕುರ್ಚಿ ಕೊಡುತ್ತೇನೆ, ನಗರದವರು ಇದಕ್ಕೆ ಆಗಾಗ ಗೊಣಗುತ್ತಾರೆ.

ಬಂದ ಕೂಡಲೇ ಔಷಧ ಆರಂಭವಾಗುವುದಿಲ್ಲ ಎಂಬುದು ಹಲವರ ತಕರಾರು. ತೂಕ, ಜ್ವರ, ರಕ್ತದೊತ್ತಡ ನೋಡಿದ ನಂತರವೇ ಬೆಲೆಬಾಳುವ ಔಷಧದ ಸೀಸೆ ಒಡೆಯುತ್ತೇವೆ. ಸಂಧಿವಾತಕ್ಕೆ ಕೊಡುವ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಜ್ವರವಿದ್ದ ದಿನ ಮುಂದೂಡಬೇಕಾಗುತ್ತದೆ. ಇಂಥದ್ದೇ ಒಂದು ಔಷಧವಾದ ರಿಟುಕ್ಸಿಮ್ಯಾಬ್ ಅನ್ನು ಮೊದಲ ಬಾರಿ ಪಡೆಯುವವರಿಗೆ ಇಡೀ ದಿನವೇ ಬೇಕೆಂದು ಹಿಂದಿನ ದಿನವೇ ಫೋನಿನಲ್ಲಿ ತಿಳಿಸುತ್ತೇನೆ: ಅರ್ಧ ಗಂಟೆ ಮೊದಲು ಪ್ಯಾರಾಸಿಟಮಾಲ್ ಮತ್ತು ಅಲರ್ಜಿಯ ಔಷಧ, ನಂತರ ಗಂಟೆಗೆ 50 ಮಿ.ಗ್ರಾಂ. ವೇಗದಲ್ಲಿ ಆರಂಭ, ತೊಂದರೆಯಿಲ್ಲದಿದ್ದರೆ ಪ್ರತಿ ಅರ್ಧ ಗಂಟೆಗೆ 50ರಂತೆ ಏರಿಕೆ. ತುರಿಕೆ, ನಡುಕ, ಬೆನ್ನುನೋವು, ಗಂಟಲು ಕಟ್ಟಿದಂತಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಕೂಡಲೇ ಹೇಳಬೇಕು. ನಮ್ಮ ಕಡೆಯ ಹಿರಿಯರು ಸಿಸ್ಟರಿಗೆ ತ್ರಾಸ ಕೊಡಬಾರದೆಂದು ಹಲ್ಲು ಕಚ್ಚಿ ಕೂರುತ್ತಾರೆ; ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಆ ಸೌಜನ್ಯವೇ.

ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ನೀರು ಕುಡಿಯದೆ ಬಸ್ಸಿನಲ್ಲಿ ಬಂದವರ ರಕ್ತನಾಳ ಸಿಗುವುದು ಕಷ್ಟ. ಉಪವಾಸ ಬರಬೇಕೆಂದು ವೈದ್ಯರು ಹೇಳಿರದಿದ್ದರೆ ರೊಟ್ಟಿ ತಿಂದು, ನೀರು ಕುಡಿದು ಬರಬೇಕು. ಸೂಜಿ ಕೈಯಲ್ಲೇ ಉಳಿಯುತ್ತದೆಂಬ ಭಯವೂ ಬೇಡ. ಸೂಜಿಯನ್ನು ಹೊರಗೆಳೆದುಕೊಳ್ಳುತ್ತೇವೆ, ಒಳಗಿರುವುದು ಮೆತ್ತನೆಯ ಪ್ಲಾಸ್ಟಿಕ್ ನಳಿಕೆ. ಆ ಜಾಗ ಉರಿದರೆ ಅಥವಾ ಉಬ್ಬಿದರೆ ಔಷಧ ನಾಳದ ಹೊರಗೆ ಸೋರುತ್ತಿರಬಹುದು. ಕಬ್ಬಿಣಾಂಶ ಸೋರಿದರೆ ಚರ್ಮದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

“ಬಂದೀನಂತ ಶಕ್ತಿಗೊಂದು ಗ್ಲೂಕೋಸ್ ಬಾಟ್ಲಿ ಹಚ್ಚಿಬಿಡ್ರಿ” ಎನ್ನುವವರು ದಿನಕ್ಕೊಬ್ಬರಾದರೂ ಇರುತ್ತಾರೆ. ಅರ್ಧ ಲೀಟರಿನ 5 ಶೇಕಡಾ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆಯಷ್ಟೇ ಎಂದು ಹೇಳಿದರೆ ಕೆಲವರು ನಂಬುತ್ತಾರೆ, ಕೆಲವರು ನನ್ನ ಮೇಲೆ ಬೇಸರಿಸಿಕೊಳ್ಳುತ್ತಾರೆ.

ಹೊರಡುವಾಗ ನಳಿಕೆ ತೆಗೆದು, ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿಯಲು ಹೇಳುತ್ತೇನೆ. ಮುಂದಿನ ಸಲ ಮತ್ತೆ ಚುಚ್ಚಿಸಿಕೊಳ್ಳುವುದು ಬೇಡವೆಂದು ನಳಿಕೆಯನ್ನು ಹಾಗೆಯೇ ಬಿಡಲು ಕೇಳುವವರಿದ್ದಾರೆ. ಹೊಲದ ಕೆಲಸದ ಕೈಗೆ ಅದು ಸೋಂಕಿನ ದಾರಿಯಾಗುವುದರಿಂದ ನಾನು ಒಪ್ಪುವುದಿಲ್ಲ.