ಪೈರಾನೋಮೀಟರ್ ಅಳತೆಯನ್ನು ಡೇಟಾಲಾಗರಿನಲ್ಲಿ ದಾಖಲಿಸುವ ಬಗೆ

ಪೈರಾನೋಮೀಟರ್ ಬಿಸಿಲಿನ ತೀವ್ರತೆ ಅಳೆಯುವ ಉಪಕರಣ, ಡೇಟಾಲಾಗರ್ ಅದರ ಅಳತೆಯನ್ನು ಓದಿ ಉಳಿಸುವ ಉಪಕರಣ. ಥರ್ಮೋಪೈಲ್ (ಶಾಖದ ವ್ಯತ್ಯಾಸವನ್ನು ವೋಲ್ಟೇಜ್ ಆಗಿಸುವ ಭಾಗ) ಇರುವ ಪೈರಾನೋಮೀಟರಿಗೆ ಹೊರಗಿನಿಂದ ವಿದ್ಯುತ್ ಬೇಡ. ಬಿಸಿಲು ಬಿದ್ದರೆ ತಾನೇ ವೋಲ್ಟೇಜ್ ಕೊಡುತ್ತದೆ. ತೊಡಕಿರುವುದು ಆ ವೋಲ್ಟೇಜಿನ ಗಾತ್ರದಲ್ಲಿ. ಚದರ ಮೀಟರಿಗೆ 1000 ವ್ಯಾಟ್ ಬಿಸಿಲಿದ್ದಾಗಲೂ ಸಿಗುವುದು ಸುಮಾರು 10 ಮಿಲಿವೋಲ್ಟ್. 5 ವೋಲ್ಟಿನ 10 ಬಿಟ್ ಇನ್‌ಪುಟ್‌ಗೆ ನೇರವಾಗಿ ಜೋಡಿಸಿದರೆ ಅದು ಗುರುತಿಸಬಲ್ಲ ಒಂದು ಮೆಟ್ಟಿಲೇ 4.9 ಮಿಲಿವೋಲ್ಟ್. ಇಡೀ ದಿನದ ಬಿಸಿಲು ಎರಡೇ ಮೆಟ್ಟಿಲಲ್ಲಿ ಮುಗಿಯುತ್ತದೆ! ವೋಲ್ಟೇಜನ್ನು ಅಂಕಿಯಾಗಿಸುವ ಎಡಿಎಸ್1115ರಂಥ 16 ಬಿಟ್ ಚಿಪ್ ಅನ್ನು ±0.256 ವೋಲ್ಟ್ ವ್ಯಾಪ್ತಿಯಲ್ಲಿ ಬಳಸಿದರೆ ಮೆಟ್ಟಿಲು 7.8 ಮೈಕ್ರೋವೋಲ್ಟಿಗೆ, ಅಂದರೆ ಸುಮಾರು 0.8 ವ್ಯಾಟಿಗೆ ಇಳಿಯುತ್ತದೆ (ಇಲ್ಲಿ ವ್ಯಾಟ್ ಎಂದಾಗಲೆಲ್ಲ ಚದರ ಮೀಟರಿಗೆ ಎಂದು ಅರ್ಥ).

ಪೈರಾನೋಮೀಟರಿನ ಎರಡೂ ತಂತಿಗಳನ್ನು ಲಾಗರಿನ ಡಿಫರೆನ್ಷಿಯಲ್ ಚಾನೆಲ್ಲಿಗೆ, ಅಂದರೆ ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಓದುವ ಚಾನೆಲ್ಲಿಗೆ, ಕೊಡಿ. ಋಣ ತಂತಿಯಿಂದ ಅನಲಾಗ್ ಗ್ರೌಂಡಿಗೆ ಒಂದು ತುಂಡು ತಂತಿ ಹಾಕಿ. ಇಲ್ಲದಿದ್ದರೆ ಸಿಗ್ನಲ್ ತೇಲಾಡಿ ಅಂಕಿಗಳು ಎಲ್ಲೆಲ್ಲಿಗೋ ಜಿಗಿಯುತ್ತವೆ. ಕೇಬಲ್ಲಿನ ಶೀಲ್ಡನ್ನು (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಲಾಗರಿನ ಕಡೆ ಮಾತ್ರ ಗ್ರೌಂಡ್ ಮಾಡಿ. ಇಲ್ಲಿ ಹರಿಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಉದ್ದ ಕೇಬಲ್ಲಿನ ರೋಧಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಪಕ್ಕದಲ್ಲೇ ಹಾದುಹೋಗುವ ಮೋಟರ್ ಕೇಬಲ್ಲಿನ ವಿದ್ಯುತ್ ಗದ್ದಲಕ್ಕೆ.

ಸಂವೇದನಾಂಕ, ಅಂದರೆ ಒಂದು ವ್ಯಾಟಿಗೆ ಸಿಗುವ ಮೈಕ್ರೋವೋಲ್ಟ್, ಪ್ರತಿ ಉಪಕರಣಕ್ಕೂ ಬೇರೆ. ಕ್ಯಾಲಿಬ್ರೇಷನ್ ಪ್ರಮಾಣಪತ್ರದಲ್ಲಿ 12.5 ಮೈಕ್ರೋವೋಲ್ಟ್ ಎಂದಿದ್ದು, ಲಾಗರ್ ಮಿಲಿವೋಲ್ಟಿನಲ್ಲಿ ಓದುವುದಾದರೆ ಗುಣಕ 1000 ÷ 12.5 = 80. ಇನ್ನೊಂದು ಉಪಕರಣದ ಅಂಕಿಯನ್ನು ನಕಲು ಮಾಡಿಟ್ಟರೆ ತಪ್ಪು ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಗ್ರಾಫಿನ ಆಕಾರ ಸರಿಯಾಗಿಯೇ ಇರುತ್ತದೆ. ಲಾಗರಿನ ವ್ಯಾಪ್ತಿಯನ್ನು 1000 ವ್ಯಾಟಿಗೆ ಲೆಕ್ಕ ಹಾಕಬೇಡಿ. ಮೋಡದ ಅಂಚು ಬೆಳಗಿದಾಗ ಕ್ಷಣಕಾಲ 1400 ದಾಟುವುದುಂಟು. 20 ಮೈಕ್ರೋವೋಲ್ಟಿನ ಸೆನ್ಸರ್ ಆಗ 28 ಮಿಲಿವೋಲ್ಟ್ ಕೊಡುತ್ತದೆ. 25 ಮಿಲಿವೋಲ್ಟಿನ ವ್ಯಾಪ್ತಿ ಸಾಲದು. ವೋಲ್ಟೇಜ್ ಬದಲು ಕರೆಂಟ್ ಕೊಡುವ 4–20 ಮಿಲಿಆಂಪ್ ಮಾದರಿಯಲ್ಲಿ 4 ಮಿಲಿಆಂಪ್ ಎಂದರೆ ಸೊನ್ನೆ, 20 ಮಿಲಿಆಂಪ್ ಎಂದರೆ 1600 ವ್ಯಾಟ್ ಎಂದಿದ್ದರೆ, ಓದಿದ ಅಂಕಿಯಲ್ಲಿ 4 ಕಳೆದು 100ರಿಂದ ಗುಣಿಸಿ.

ಸೆಕೆಂಡಿಗೊಮ್ಮೆ ಓದಿ, ನಿಮಿಷದ ಸರಾಸರಿ, ಕನಿಷ್ಠ, ಗರಿಷ್ಠಗಳನ್ನು ಉಳಿಸಿ. ಹತ್ತು ನಿಮಿಷಕ್ಕೊಂದು ಓದು ಮೋಡದ ದಿನ ಯಾವ ಕೆಲಸಕ್ಕೂ ಬರುವುದಿಲ್ಲ. ಸಮಯದ ಮುದ್ರೆ ಅವಧಿಯ ಆರಂಭದ್ದೋ ಕೊನೆಯದೋ ಎಂಬುದನ್ನು ಫೈಲಿನಲ್ಲೇ ಬರೆದಿಡಿ.

ರಾತ್ರಿ −1ರಿಂದ −5 ವ್ಯಾಟ್ ಕಂಡರೆ ಗಾಬರಿ ಬೇಡ: ಗಾಜಿನ ಗುಮ್ಮಟ ತಣ್ಣನೆಯ ಆಕಾಶಕ್ಕೆ ಶಾಖ ಬಿಟ್ಟು ಸೆನ್ಸರಿಗಿಂತ ತಂಪಾಗುತ್ತದೆ. ಅದನ್ನು ಸೊನ್ನೆ ಮಾಡಿ ಉಳಿಸಬೇಡಿ. ಲೆಕ್ಕದ ಹಂತದಲ್ಲಿ ಮಾಡಿ. ರಾತ್ರಿ ಸದಾ +20 ಇದ್ದರೆ ಗ್ರೌಂಡನ್ನು ಪರೀಕ್ಷಿಸಿ. ಹಗಲಿನಲ್ಲಿ ದೊಡ್ಡ ಋಣ ಅಂಕಿ ಬಂದರೆ ತಂತಿಗಳು ಅದಲುಬದಲಾಗಿವೆ.

ಅಳವಡಿಸುವಾಗ ಬಬಲ್ ಲೆವೆಲ್ಲಿನ ಗುಳ್ಳೆ ನಡುವೆ ನಿಲ್ಲಬೇಕು, ಗುಮ್ಮಟದ ಮೇಲೆ ಯಾವ ಕಂಬದ ನೆರಳೂ ಬೀಳಬಾರದು. ಧೂಳು, ಹಕ್ಕಿ ಹಿಕ್ಕೆಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಒರೆಸಿದ ಹೊತ್ತನ್ನು ಬರೆದಿಡಿ.

ಮೋಡವಿಲ್ಲದ ಒಂದು ದಿನದ ವಕ್ರರೇಖೆ ಒಳ್ಳೆಯ ಪರೀಕ್ಷೆ. ಬೆಳಗಿನ ಏರಿಕೆ, ಸಂಜೆಯ ಇಳಿಕೆ ಎರಡೂ ನಿರೀಕ್ಷಿತ ಸಮಯಕ್ಕಿಂತ ಒಂದೇ ಅಳತೆಯಲ್ಲಿ ಸರಿದಿದ್ದರೆ ಗಡಿಯಾರ ತಪ್ಪಿದೆ. ಸಮಯ ಸರಿಯಿದ್ದು ಬೆಳಗಿನ ಪಾಲೇ ಎತ್ತರವಾಗಿದ್ದರೆ ಸೆನ್ಸರ್ ಪೂರ್ವಕ್ಕೆ ವಾಲಿದೆ.