ಜಾವಾದಲ್ಲಿ ಇನ್‌ಪುಟ್ ಪರೀಕ್ಷೆ: ಮೊದಲು ಪೂರ್ತಿ ಸಾಲು ಓದಿ

ವಯಸ್ಸು ಕೇಳಿ, ವೋಟ್ ಹಾಕಬಹುದೋ ಇಲ್ಲವೋ ಹೇಳುವ ಪ್ರೋಗ್ರಾಂ. ಜಾವಾ ಕಲಿಯುವವರು ಶುರುವಿನಲ್ಲೇ ಬರೆಯುವಂಥದ್ದು. ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನರ್‌ನಲ್ಲಿ ಸಂಖ್ಯೆ ಓದುವ ನೆಕ್ಸ್ಟ್‌ಇಂಟ್ ಬಳಸಿ, 25 ಎಂದು ಕೊಟ್ಟರೆ ಎಲ್ಲ ಸರಿ. ‘ಇಪ್ಪತ್ತೈದು’ ಎಂದು ಟೈಪ್ ಮಾಡಿದರೆ ಮಾತ್ರ ಇನ್‌ಪುಟ್‌ಮಿಸ್‌ಮ್ಯಾಚ್‌ಎಕ್ಸೆಪ್ಶನ್ ಎಂಬ ದೋಷ ಬಂದು ಪ್ರೋಗ್ರಾಂ ನಿಂತುಬಿಡುತ್ತದೆ.

ಆಗ ಹಲವರು ಲೂಪ್ ಒಳಗೆ ಇಂಥ ದೋಷ ಹಿಡಿಯುವ ಟ್ರೈ, ಕ್ಯಾಚ್ ಹಾಕುತ್ತಾರೆ. ಈಗ ‘ಸಂಖ್ಯೆ ಕೊಡಿ’ ಎಂಬ ಸಾಲು ನಿಲ್ಲದೆ ಮೂಡುತ್ತಲೇ ಇರುತ್ತದೆ! ಕಾರಣ ಇಷ್ಟೇ: ಓದಲಾಗದ ಪದವನ್ನು ನೆಕ್ಸ್ಟ್‌ಇಂಟ್ ಎತ್ತಿಹಾಕುವುದಿಲ್ಲ, ಅಲ್ಲೇ ಬಿಡುತ್ತದೆ. ಮುಂದಿನ ಸುತ್ತಿನಲ್ಲೂ ಅದೇ ಪದ ಸಿಗುತ್ತದೆ. ಸರಿಯಾದ ಸಂಖ್ಯೆ ಕೊಟ್ಟಾಗಲೂ ಒಂದು ತೊಂದರೆ ಇದೆ. ಎಂಟರ್ ಒತ್ತಿದ ಗುರುತು ಉಳಿದುಕೊಂಡು, ಮುಂದೆ ಹೆಸರು ಕೇಳುವಾಗ, ಪೂರ್ತಿ ಸಾಲು ಓದುವ ನೆಕ್ಸ್ಟ್‌ಲೈನ್‌ಗೆ ಖಾಲಿ ಸಾಲು ಸಿಗುತ್ತದೆ.

ಆದ್ದರಿಂದ ನನ್ನ ಸಲಹೆ: ನೆಕ್ಸ್ಟ್‌ಇಂಟ್ ಬಿಟ್ಟುಬಿಡಿ. ಏನೇ ಕೇಳಿದರೂ ನೆಕ್ಸ್ಟ್‌ಲೈನ್‌ನಿಂದಲೇ ಓದಿ.

ಹಂತ 1: ಸಾಲು ಓದಿ, ಟ್ರಿಮ್ ಬಳಸಿ ಅಕ್ಕಪಕ್ಕದ ಸ್ಪೇಸ್ ತೆಗೆಯಿರಿ. ಆಮೇಲೂ ಖಾಲಿ ಇದ್ದರೆ ಮತ್ತೆ ಕೇಳಿ.

ಹಂತ 2: ಇಂಟೀಜರ್ ಕ್ಲಾಸಿನ ಪಾರ್ಸ್‌ಇಂಟ್‌ನಿಂದ ಸಂಖ್ಯೆ ಮಾಡಿ. ಇದೊಂದೇ ಸಾಲನ್ನು ಟ್ರೈ ಒಳಗಿಟ್ಟು, ಸಂಖ್ಯೆ ಮಾಡಲಾಗದಿದ್ದಾಗ ಬರುವ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್ ಅನ್ನು ಮಾತ್ರ ಹಿಡಿಯಿರಿ. ಸುಮ್ನೆ ಎಲ್ಲ ಎಕ್ಸೆಪ್ಶನ್ ಹಿಡಿದರೆ ನಿಮ್ಮದೇ ಕೋಡಿನ ದೋಷಗಳೂ ಮುಚ್ಚಿಹೋಗುತ್ತವೆ.

ಹಂತ 3: ಮಿತಿ ನೋಡಿ. ‘-5’ ಕೂಡ ಸಂಖ್ಯೆಯೇ ಅಲ್ವಾ? ವಯಸ್ಸು 0ಯಿಂದ 120ರೊಳಗೆ ಇದ್ದರೆ ಮಾತ್ರ ಲೂಪ್‌ನಿಂದ ಹೊರಬನ್ನಿ. ತಪ್ಪಿದ್ದರೆ ‘ತಪ್ಪು’ ಎಂದಷ್ಟೇ ಹೇಳಬೇಡಿ, ‘0ಯಿಂದ 120ರೊಳಗಿನ ವಯಸ್ಸು ಕೊಡಿ’ ಎನ್ನಿ.

ಮೊಬೈಲ್ ನಂಬರಿಗೆ ಈ ದಾರಿ ಬೇಡ. ಪಾರ್ಸ್‌ಇಂಟ್ ಕೊಡುವ ಇಂಟ್ ಎಂಬ ಪೂರ್ಣಾಂಕದ ಬಗೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ನಮ್ಮ ಮೊಬೈಲ್ ನಂಬರುಗಳು 6, 7, 8 ಇಲ್ಲವೇ 9ರಿಂದ ಶುರುವಾಗುವ ಹತ್ತು ಅಂಕಿಗಳು, ಹಾಗಾಗಿ ಒಂದೂ ಅದರಲ್ಲಿ ಕೂರುವುದಿಲ್ಲ. ನಂಬರನ್ನು ಸ್ಟ್ರಿಂಗ್ (ಬರೀ ಪಠ್ಯ) ಆಗಿಯೇ ಇಟ್ಟು, ಮ್ಯಾಚಸ್ ಮೆಥಡ್‌ನಿಂದ ಅಂಕಿಗಳ ನಮೂನೆ ನೋಡಿದರೆ ಸಾಕು.

ಹೆಸರಿನ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಎ ಇಂದ ಝಡ್‌ವರೆಗಿನ ಇಂಗ್ಲಿಷ್ ಅಕ್ಷರ ಮಾತ್ರ ಒಪ್ಪುವ ನಮೂನೆ ಕನ್ನಡದ ಹೆಸರನ್ನು ತಿರಸ್ಕರಿಸುತ್ತದೆ. ಅದರ ಬದಲು ಒಂದೊಂದೂ ಅಕ್ಷರವೇ ಎಂದು ನೋಡುವ, ಕ್ಯಾರೆಕ್ಟರ್ ಕ್ಲಾಸಿನ ಈಸ್‌ಲೆಟರ್ ಬಳಸಿದರೂ ‘ಕಾವ್ಯ’ ಪಾಸಾಗುವುದಿಲ್ಲ. ಎಲ್ಲ ಭಾಷೆಗಳ ಬರಹಕ್ಕೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕ, ವ, ಯ ಅಕ್ಷರಗಳು. ಕಾ-ದ ದೀರ್ಘ, ವ್-ನ ಅರ್ಧಾಕ್ಷರದ ಕೊಂಡಿ ಬೇರೆ ಗುರುತುಗಳು. ಅದಕ್ಕೇ ನಮೂನೆಯಲ್ಲಿ ಅಕ್ಷರಗಳ ‘ಎಲ್’ ಗುಂಪಿನ ಜೊತೆ ಗುರುತುಗಳ ‘ಎಂ’ ಗುಂಪನ್ನೂ ಸೇರಿಸಿ. ಇನಿಷಿಯಲ್‌ಗೆ ಬೇಕಾದ ಚುಕ್ಕಿ, ಸ್ಪೇಸ್ ಮರೆಯಬೇಡಿ. ನಮ್ಮ ಭಾಷೆಯ ಹೆಸರನ್ನು ನಮ್ಮದೇ ಪ್ರೋಗ್ರಾಂ ‘ಅಮಾನ್ಯ’ ಎನ್ನಬಾರದು.

ಕೊನೆಗೆ ಖಾಲಿ ಎಂಟರ್, ಬರೀ ಸ್ಪೇಸ್, ‘25.5’, ‘-5’ ಕೊಟ್ಟು ನೋಡಿ. ಕನ್ಸೋಲ್ ಕನ್ನಡವನ್ನೂ ಹಿಡಿಸುವ ಯುಟಿಎಫ್-8 ಸಂಕೇತದಲ್ಲಿದ್ದರೆ ‘೨೫’ ಎಂದೂ ಟೈಪ್ ಮಾಡಿ. ಪಾರ್ಸ್‌ಇಂಟ್ ಕನ್ನಡ ಅಂಕಿಗಳನ್ನು ಓದಿ 25 ಎಂದೇ ಕೊಡುತ್ತದೆ.