ಹಿತ್ತಾಳೆ ತಗಡು, ಕಿಟಕಿ ಕಂಬಿ ಮತ್ತು ನಾನು

ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಹಿಂದೆ ಓಡುತ್ತಿದ್ದ ಮೀಟರ್ ಗೇಜ್ ರೈಲಿನ ಒಂದು ಬೋಗಿಯ ಪುಟ್ಟ ಮಾದರಿಯನ್ನು 1:87 ಅಳತೆಯಲ್ಲಿ ಕಟ್ಟಲು ಕುಳಿತಾಗ ಗೋಡೆ, ಚಾವಣಿ, ಗಾಲಿ ಯಾವುದೂ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಕಿಟಕಿಯ ಅಡ್ಡ ಕಂಬಿಗಳು. 12 ಮಿ.ಮೀ. ಕಂಬಿಯನ್ನು 87ರಿಂದ ಭಾಗಿಸಿದರೆ ಉಳಿಯುವುದು 0.14 ಮಿ.ಮೀ., ಹೆಚ್ಚೆಂದರೆ ಎರಡು ತಲೆಗೂದಲಿನ ದಪ್ಪ. ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಅಂಟಿಸಿ ನೋಡಿದೆ. ಬೋಗಿ ಹೋಗಿ ಸೆರೆಮನೆಯಾಯಿತು. ಕೊನೆಗೆ 0.2 ಮಿ.ಮೀ. ಹಿತ್ತಾಳೆ ತಗಡು ತಂದು, ಬೇಡದ ಭಾಗವನ್ನೆಲ್ಲ ಫೆರಿಕ್ ಕ್ಲೋರೈಡಿನಲ್ಲಿ ಕರಗಿಸಿ ಕಂಬಿಯನ್ನಷ್ಟೇ ಉಳಿಸುವ ದಾರಿ ಹಿಡಿದೆ. ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಸರ್ಕಿಟ್ ಬೋರ್ಡ್‌ಗೆ ಬಳಸುವುದೂ ಈ ರಾಸಾಯನಿಕವನ್ನೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಸಿಗುತ್ತದೆ.

ಮೊದಲ ಕೆಲಸ ತಗಡು ತೊಳೆಯುವುದು. ನಾನು ದೀಪದ ಕಂಬಗಳನ್ನು ಬೆಳಗುವ ಹಾಗೆ ಹುಣಸೆಹಣ್ಣಿನಿಂದಲೇ ಉಜ್ಜಿ, ಆಮೇಲೆ ಸೋಪಿನ ಪುಡಿ ಹಾಕಿ ತೊಳೆಯುತ್ತೇನೆ. ನಲ್ಲಿಯ ಕೆಳಗೆ ಹಿಡಿದಾಗ ನೀರು ತಗಡಿನ ಮೇಲೆ ತೆಳ್ಳಗೆ ಹಾಸಿಕೊಂಡು ನಿಲ್ಲಬೇಕು. ಎಲ್ಲಾದರೂ ಹನಿಗಟ್ಟಿ ಸರಿದರೆ ಅಲ್ಲಿ ಇನ್ನೂ ಜಿಡ್ಡಿದೆ ಎಂದರ್ಥ, ಆಮೇಲೆ ಅಂಟಿಸುವ ಫಿಲ್ಮ್ ಅಲ್ಲಿ ಹಿಡಿಯುವುದಿಲ್ಲ.

ಬೆಳಕಿಗೆ ಗಟ್ಟಿಯಾಗಿ, ಅಡಿಯ ತಗಡು ಕರಗದಂತೆ ಕಾಯುವ ಡ್ರೈ ಫಿಲ್ಮನ್ನು ತಗಡಿನ ಎರಡೂ ಮಗ್ಗುಲಿಗೆ ಅಂಟಿಸಲು ಹಳೆಯ ಲ್ಯಾಮಿನೇಟರ್ ಸಾಕು. ಇದನ್ನೆಲ್ಲ ರಾತ್ರಿ, ಹಳದಿ ಜೀರೊ ಬಲ್ಬಿನ ಬೆಳಕಿನಲ್ಲಿ ಮಾಡುತ್ತೇನೆ. ಉಳಿಯಬೇಕಾದ ಭಾಗ ಪಾರದರ್ಶಕ, ಕರಗಬೇಕಾದ್ದು ಕಪ್ಪು. ಹೀಗೆ ಮುದ್ರಿಸಿದ ಎರಡು ಹಾಳೆಗಳ ನಡುವೆ ತಗಡನ್ನಿಟ್ಟು, ಉಗುರುಬಣ್ಣ ಒಣಗಿಸುವ ಯು.ವಿ. ದೀಪದಡಿ ಒಂದೊಂದು ಮಗ್ಗುಲಿಗೆ 90 ಸೆಕೆಂಡ್. ಹಿಂದು ಮುಂದಿನ ಚಿತ್ರಗಳು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಅದಕ್ಕಾಗಿ ಎರಡು ಹಾಳೆಗಳನ್ನು ಅದೇ ತಗಡಿನ ಚೂರೊಂದರ ಎರಡು ಬದಿಗೆ ಅಂಟಿಸಿ ಲಕೋಟೆಯಂತೆ ಮಾಡಿಕೊಳ್ಳುತ್ತೇನೆ. ದೀಪದೆದುರು ಹಿಡಿದು ಗುರುತುಗಳನ್ನು ಮೊದಲೇ ಹೊಂದಿಸಿಟ್ಟರೆ ಆಮೇಲೆ ತಗಡನ್ನು ಒಳಗೆ ತೂರಿಸುವುದಷ್ಟೇ ಕೆಲಸ. ನಂತರ ವಾಷಿಂಗ್ ಸೋಡಾದ ತೆಳು ದ್ರಾವಣದಲ್ಲಿ ಅದ್ದಿದರೆ ಬೆಳಕು ಬೀಳದ ಭಾಗ ಬಿಟ್ಟುಕೊಳ್ಳುತ್ತದೆ. ಅದಕ್ಕೂ ಮೊದಲು ಫಿಲ್ಮಿನ ಮೇಲಿನ ರಕ್ಷಣಾ ಪೊರೆಯನ್ನು ಸುಲಿಯಬೇಕು. ಮರೆತು ಇಪ್ಪತ್ತು ನಿಮಿಷ ಉಜ್ಜುತ್ತ ಸೋಡಾವನ್ನೇ ಬೈದವನು ನಾನು.

ಮೊದಲ ತಗಡನ್ನು ಫೆರಿಕ್ ಕ್ಲೋರೈಡ್ ದ್ರಾವಣದಿಂದ ಎತ್ತಿದಾಗ ಚೌಕಟ್ಟುಗಳು ಇದ್ದವು, ಕಂಬಿಗಳು ಇರಲಿಲ್ಲ. ಫೆರಿಕ್ ಕ್ಲೋರೈಡ್ ನೇರ ಕೆಳಕ್ಕೆ ಮಾತ್ರ ಕೊರೆಯುವುದಿಲ್ಲ, ಫಿಲ್ಮಿನ ಅಡಿಗೆ ನುಗ್ಗಿ ಪಕ್ಕದಿಂದಲೂ ತಿನ್ನುತ್ತದೆ. ನಾನು ಲೆಕ್ಕ ತಪ್ಪದೆ 0.14 ಎಂದು ಗೆರೆ ಎಳೆದಿದ್ದೆ. ಅದು ಪೂರ್ತಿ ತಿಂದು ಮುಗಿಸಿತ್ತು. ಎರಡನೆಯ ಸಲ 0.2 ಎಳೆದೆ. ಕಂಬಿ ಉಳಿಯಿತು, ಆದರೆ ನಡುನಡುವೆ ತುಂಡು. 0.3 ಎಳೆದಾಗ ಸುಮಾರು 0.2ರ ಗಟ್ಟಿ ಕಂಬಿ ಕೈಗೆ ಬಂತು. ಅಳತೆಗೆ ಇದು ದಪ್ಪವೇ ಸರಿ, ಆದರೆ ಬಣ್ಣ ಬಳಿದ ಮೇಲೆ ಕಣ್ಣಿಗೆ ಹೊಡೆಯುವುದಿಲ್ಲ. ಅದಕ್ಕಿಂತ ತೆಳುವಾಗಬೇಕಾದರೆ 0.1 ಮಿ.ಮೀ. ತಗಡು ಬಳಸಬೇಕು, ಅದು ಉಸಿರು ತಾಗಿದರೂ ಬಾಗುವಂತಿರುತ್ತದೆ.

ತಗಡನ್ನು ತಟ್ಟೆಯಲ್ಲಿ ಮಲಗಿಸಿದ್ದೂ ತಪ್ಪು. ಕರಗಿದ್ದು ಮೇಲಿನ ಮುಖದಲ್ಲೇ ಕೆಸರಿನಂತೆ ಕೂತು ಕೆಲಸ ನಿಧಾನವಾಗುತ್ತದೆ. ಈಗ ಎತ್ತರದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಗಡನ್ನು ನೆಟ್ಟಗೆ ತೂಗುಬಿಟ್ಟು, ಅಕ್ವೇರಿಯಂ ಪಂಪಿನಿಂದ ಗುಳ್ಳೆ ಹಾಯಿಸುತ್ತೇನೆ. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು 40 ಡಿಗ್ರಿ ಕಾಪಾಡಿದರೆ ಇಪ್ಪತ್ತೈದು ನಿಮಿಷದಲ್ಲಿ ಕಿಟಕಿಗಳು ತೆರೆದುಕೊಳ್ಳುತ್ತವೆ. ಕೊನೆಯ ಐದು ನಿಮಿಷ ಮಾತ್ರ ಡಬ್ಬಿ ಬಿಟ್ಟು ಏಳಬಾರದು.

ಫೆರಿಕ್ ಕ್ಲೋರೈಡ್ ಸ್ಟೀಲನ್ನೂ ತಿನ್ನುತ್ತದೆ. ನಮ್ಮ ಸಿಂಕಿನಲ್ಲಿ ಎರಡು ಗುಳಿಗಳಿವೆ. ಅತಿಥಿಗಳಿಗೆ ಅದರ ಕಥೆ ಹೇಳುವುದು ಹೆಂಡತಿಯ ಪಾಲಿನ ಕೆಲಸ. ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು, ನೀರು ಕಾದು ಹೊಗೆಯೇಳುತ್ತದೆ. ಹಾಗಾಗಿ ಕೈಗವಸು, ಕನ್ನಡಕ, ಬಾಲ್ಕನಿ. ಬಳಸಿ ಮುಗಿದ ದ್ರಾವಣದಲ್ಲಿ ತಾಮ್ರ ಇರುವುದರಿಂದ ಅದನ್ನು ಚರಂಡಿಗೆ ಸುರಿಯುವುದಿಲ್ಲ. ವಾಷಿಂಗ್ ಸೋಡಾ ಹಾಕಿ, ನೊರೆ ನಿಂತ ಮೇಲೆ ತಳಕ್ಕೆ ಕೂತ ಕೆಸರನ್ನು ಒಣಗಿಸಿ ಮುಚ್ಚಿದ ಡಬ್ಬಿಯಲ್ಲಿ ಅಪಾಯಕಾರಿ ಕಸದ ಜೊತೆ ಕೊಡುತ್ತೇನೆ.

ಕಾಸ್ಟಿಕ್ ಸೋಡಾದಲ್ಲಿ ಫಿಲ್ಮ್ ಬಿಡಿಸಿ, ಬ್ಲೇಡಿನಿಂದ ಒಂದೊಂದೇ ಚೌಕಟ್ಟು ಬೇರೆ ಮಾಡಿ, ಬಣ್ಣ ಬಳಿದು ಬೋಗಿಗೆ ಕೂರಿಸಲು ಮೂರು ಭಾನುವಾರ ಹಿಡಿಯಿತು. ಸಾಗರಕ್ಕೆ ಅದೇ ರೈಲಿನಲ್ಲಿ ಓಡಾಡಿದ ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ, ಬೋಗಿಯನ್ನು ಎರಡು ಸಲ ತಿರುಗಿಸಿ ನೋಡಿದರು.

"ಚೆನ್ನಾಗಿದೆ ಕಣೋ. ಎಮರ್ಜೆನ್ಸಿ ಕಿಟಕಿ ಎಲ್ಲಿ? ಅದಕ್ಕೆ ಕಂಬಿ ಇರುವುದಿಲ್ಲವಲ್ಲ."

ಆ ರಾತ್ರಿಯೇ ಚಿಕ್ಕ ಕಟರ್ ತೆಗೆದುಕೊಂಡು, ಅಷ್ಟು ಕಷ್ಟಪಟ್ಟು ಉಳಿಸಿದ ಕಂಬಿಗಳನ್ನು ಒಂದು ಕಿಟಕಿಯಿಂದ ಕತ್ತರಿಸಿ ತೆಗೆದೆ.